ಮಧ್ಯಾಹ್ನ ನರಳುವ ಕಾರು

ಕಾರಿನ ಎಂಜಿನ್ ಎಲ್ಲಿರುತ್ತದೆ ಎಂದು ಯಾರಾದರೂ ಕೇಳಿದ್ದರೆ, "ಕಾರಿನ ಜೊತೆಗೇ ಇರುತ್ತೆ" ಎಂದು ಹೇಳಿ ಪಾರಾಗುತ್ತಿದ್ದ ಮನುಷ್ಯ ಟಪಾಲಪ್ಪ. ನೀರು ಸರಬರಾಜು ಕಚೇರಿಗೆ ಹೊರಗಿನಿಂದ ಬಂದ ಪತ್ರಗಳಿಗೆ ಮುದ್ರೆ ಒತ್ತಿ ಒಳಗೆ ಕಳಿಸುವುದು, ಒಳಗಿನಿಂದ ಬಂದವಕ್ಕೆ ಗೋಂದು ಹಚ್ಚಿ ಹೊರಗೆ ಕಳಿಸುವುದು ಅವನ ಕೆಲಸ. ಆ ಕೆಲಸದಿಂದಲೇ ಅವನಿಗೆ ಆ ಹೆಸರು ಅಂಟಿಕೊಂಡಿತ್ತು. ತಂದೆತಾಯಿ ಇಟ್ಟ ಹೆಸರು ಸಂಬಳದ ದಿನ ಒಮ್ಮೆ ಹೊರಬಂದು, ಸಹಿಯಾದ ಮೇಲೆ ಮತ್ತೆ ಒಳಗೆ ಹೋಗಿ ಮಲಗುತ್ತಿತ್ತು. ಅವನ ಸ್ವಂತ ವಾಹನವೆಂದರೆ ಒಂದು ಸೈಕಲ್ಲು. ಅದರ ಚೈನು ಕಳಚಿದರೂ ಕೈಗೆ ಗ್ರೀಸ್ ತಾಗೀತೆಂದು ಅಂಗಡಿಯವರೆಗೆ ತಳ್ಳಿಕೊಂಡು ಹೋಗುವಷ್ಟು ಮಾತ್ರ ಅವನಿಗೆ ಯಂತ್ರವಿದ್ಯೆ ಒಲಿದಿತ್ತು.

ಇಂಥವನು ಕಾರುಗಳ ನಾಡಿ ಹಿಡಿಯುವ ಪಂಡಿತನಾದದ್ದು ಒಂದು ಚಪ್ಪಲಿಯಿಂದ.

ಒಂದು ಬೆಳಗ್ಗೆ ಎದುರುಮನೆಯ ಹಲ್ಲಿನ ಡಾಕ್ಟ್ರಮ್ಮನ ಕಾರು ಗೇಟಿನ ಮುಂದೆ ಹಟ ಹಿಡಿದು ನಿಂತಿತ್ತು. ಆಕೆ ಕೀಲಿ ತಿರುಗಿಸುತ್ತಲೇ ಇದ್ದರು, ಕಾರು ತುಟಿ ಪಿಟಕ್ ಎನ್ನುತ್ತಿರಲಿಲ್ಲ. ಅದೇ ಹೊತ್ತಿಗೆ ಆ ದಾರಿಯಾಗಿ ಬಂದ ಟಪಾಲಪ್ಪನ ಚಪ್ಪಲಿ ಕಿತ್ತುಹೋಯಿತು. ಮುಗ್ಗರಿಸಿದವನು ಆಸರೆಗೆಂದು ಕಾರಿನ ಬಾನೆಟ್ ಮೇಲೆ ದಬ್ಬನೆ ಕೈಯೂರಿದ. ಒಳಗೆ ಸಡಿಲವಾಗಿದ್ದ ಯಾವುದೋ ತಂತಿ ಆ ಪೆಟ್ಟಿಗೆ ತನ್ನ ಜಾಗಕ್ಕೆ ಹೋಗಿ ಕೂತಿರಬೇಕು, ಕಾರು ಗುರ್ರೆಂದು ಎದ್ದಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

"ಏನು ಮಾಡಿದ್ರಿ ನೀವು?" ಎಂದರು ಡಾಕ್ಟ್ರಮ್ಮ ಕಣ್ಣರಳಿಸಿ.

"ಏನೂ ಇಲ್ಲ ಡಾಕ್ಟ್ರಮ್ಮ, ಸುಮ್ನೆ ಕೈ ಇಟ್ಟೆ."

ಇದು ಅಪ್ಪಟ ಸತ್ಯ. ಆದರೆ ಸತ್ಯವನ್ನು ತಲೆ ತಗ್ಗಿಸಿ ಹೇಳಿದರೆ ಅದು ವಿನಯದಂತೆ ಕಾಣುತ್ತದೆ. ಟಪಾಲಪ್ಪ ತಲೆ ತಗ್ಗಿಸಿದ್ದು ಚಪ್ಪಲಿ ಹುಡುಕಲು. ಡಾಕ್ಟ್ರಮ್ಮನಿಗೆ ಅದು ಗೊತ್ತಾಗಲಿಲ್ಲ. ಆಕೆ ಆ ದಿನ ತಮ್ಮ ಕುರ್ಚಿಯಲ್ಲಿ ಕೂತ ಎಲ್ಲರಿಗೂ ಈ ಕತೆ ಹೇಳಿದರು. ಬಾಯಿ ತೆರೆದು ಕೂತವರು ಎದುರು ಮಾತಾಡುವಂತಿಲ್ಲವಷ್ಟೆ. ಸಂಜೆಯ ಹೊತ್ತಿಗೆ ಸುದ್ದಿ ಮೂರು ಬೀದಿ ದಾಟಿತ್ತು.

ಮರುವಾರ ಬೇಕರಿಯವನು ತನ್ನ ಹಳೇ ವ್ಯಾನಿನ ಹತ್ತಿರ ಅವನನ್ನು ಕರೆದುಕೊಂಡು ಹೋದ. ಟಪಾಲಪ್ಪನ ಕೈಯಲ್ಲಿ ಟೀ ಲೋಟವಿತ್ತು, ಟೀ ಇನ್ನೂ ಮುಗಿದಿರಲಿಲ್ಲ. "ಸ್ವಲ್ಪ ಹೊತ್ತು ಸುಮ್ನೆ ಬಿಡಪ್ಪ, ಸುಧಾರಿಸ್ಕೊಳ್ಳಲಿ" ಎಂದ. ಬೇಕರಿಯವನು ಬೆಳಗ್ಗೆಯಿಂದ ಮತ್ತೆ ಮತ್ತೆ ಯತ್ನಿಸಿ ಎಂಜಿನ್ನಿಗೆ ಪೆಟ್ರೋಲು ಕುಡಿಸಿ ಕುಡಿಸಿ ಅದನ್ನು ಮುಳುಗಿಸಿಬಿಟ್ಟಿದ್ದ. ಟೀ ಮುಗಿಯುವಷ್ಟರಲ್ಲಿ ಹೆಚ್ಚಿನದು ಆರಿತು, ವ್ಯಾನು ಹೊರಟಿತು. ಅದಾದ ಮೇಲೆ ನಿವೃತ್ತ ಭೂಗೋಳದ ಮೇಷ್ಟ್ರು ತಮ್ಮ ಕಾರಿನ ಪಕ್ಕ ಬಾಡಿದ ಮುಖದಲ್ಲಿ ನಿಂತಿದ್ದರು. ಪಾಪ ಅನ್ನಿಸಿ ಟಪಾಲಪ್ಪ, "ಹೊಟ್ಟೆಗೆ ಏನಾದ್ರೂ ಹಾಕಿದ್ರಾ ಮೇಷ್ಟ್ರೇ?" ಎಂದು ಉಪಚಾರಕ್ಕೆ ಕೇಳಿದ. ಮೇಷ್ಟ್ರು ಹಣೆ ಚಚ್ಚಿಕೊಂಡು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರು. ಒಳಗೆ ಒಂದು ಹನಿ ಪೆಟ್ರೋಲಿರಲಿಲ್ಲ.

ಗಾಳಿ ಬಂದಾಗ ತೂರಿಕೋ ಎಂಬ ಮಾತನ್ನು ಟಪಾಲಪ್ಪ ಅಲ್ಲಿಯವರೆಗೆ ಬೇರೆಯವರ ಬಗ್ಗೆಯಷ್ಟೇ ಕೇಳಿದ್ದ. ಈಗ ಅವನು ಕೈ ಹಿಂದೆ ಕಟ್ಟಿಕೊಂಡು ನಡೆಯತೊಡಗಿದ. ಬೀದಿಯಲ್ಲಿ ಕಾರು ಹೋದರೆ ನಿಂತು, ಕತ್ತು ವಾಲಿಸಿ, "ಹೂಂ" ಎನ್ನುತ್ತಿದ್ದ. ಆ ಒಂದು ಹೂಂಕಾರಕ್ಕೆ ಹೆದರಿ ಇಬ್ಬರು ತಮ್ಮ ಕಾರಿನ ಆಯಿಲ್ ಬದಲಾಯಿಸಿದರು.

ಮನೆಯಲ್ಲಿ ಕೂತು ಪರದೆ ಹೊಲಿದುಕೊಡುತ್ತಿದ್ದ ಹೆಂಡತಿ ಮಾತ್ರ ಮಿಷನ್ನಿನಿಂದ ತಲೆಯೆತ್ತದೆ ಹೇಳಿದಳು: "ರೀ, ನಮ್ಮ ಮಿಕ್ಸಿ ಸುತ್ತೋದು ಬಿಟ್ಟು ತಿಂಗಳಾಯ್ತು. ಅದರ ಕಡೆಗೂ ಒಂದು ಕಿವಿ ಕೊಡಿ."

"ಅದು ಬೇರೆ ಶಾಸ್ತ್ರ ಕಣೇ," ಎಂದ ಟಪಾಲಪ್ಪ.

ಹೀಗಿರುವಾಗ ಕಚೇರಿಯ ದೊಡ್ಡ ಸಾಹೇಬರಿಗೆ ದವಡೆ ಹಲ್ಲು ನೋಯಿತು. ಡಾಕ್ಟ್ರಮ್ಮನ ಕುರ್ಚಿಯಲ್ಲಿ ಬಾಯಿ ತೆರೆದು ಅವರೂ ಕತೆ ಕೇಳಿಸಿಕೊಂಡರು. ಮರುದಿನ ಟಪಾಲಪ್ಪನಿಗೆ ಬುಲಾವ್ ಬಂತು.

ದೊಡ್ಡ ಸಾಹೇಬರೆಂದರೆ ಕಚೇರಿಯ ಕೊಳಾಯಿಗಳೂ ಸೋರುವುದು ನಿಲ್ಲಿಸುತ್ತಿದ್ದವು. ಅವರ ದನಿ ಪಾಳು ಬಾವಿಗೆ ಬಂಡೆ ಉರುಳಿಸಿದ ಹಾಗೆ. ಮೇಲಿನ ಮಹಡಿಯಲ್ಲಿ ಅವರು "ಯಾರದು" ಎಂದರೆ ಕೆಳಗಿನ ಮಹಡಿಯಲ್ಲಿ ತಪ್ಪು ಮಾಡದವರೂ ಎದ್ದು ನಿಲ್ಲುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಟಪಾಲಪ್ಪನ ಅಭಿಪ್ರಾಯವನ್ನು ಯಾವುದಕ್ಕೂ ಕೇಳಿರಲಿಲ್ಲ. ಬೇರೆ ಯಾರೂ ಕೇಳಿರಲಿಲ್ಲ.

ಸಾಹೇಬರು ಅವನನ್ನು ಕಚೇರಿಯ ಹಿಂದಿನ ಶೆಡ್ಡಿಗೆ ಕರೆದೊಯ್ದರು. ಹಳೇ ಪೈಪುಗಳ ರಾಶಿ, ತುಕ್ಕು ಹಿಡಿದ ನೀರಿನ ಮೀಟರುಗಳ ಗುಡ್ಡೆ, ಅವುಗಳ ನಡುವೆ ಕಚೇರಿಯ ಕಾರು. ಒಂದು ಕಾಲಕ್ಕೆ ಅದರ ಬಣ್ಣ ಬಿಳಿ. ಸುತ್ತ ನಾಲ್ವರು ನಿಂತಿದ್ದರು: ಕಾರಿನ ಡ್ರೈವರಣ್ಣ, ಹೆಡ್ ಗುಮಾಸ್ತರು, ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಮತ್ತು ಗೇಟಿನ ಕಾವಲುಗಾರ.

ರೋಗದ ವಿವರವನ್ನು ಹೆಡ್ ಗುಮಾಸ್ತರು ಒಪ್ಪಿಸಿದರು. ಬೆಳಗ್ಗೆ ಸಾಹೇಬರ ಮನೆಯಲ್ಲಿ ಕಾರು ಒಂದೆರಡು ಸಲ ಕೆಮ್ಮಿಯಾದರೂ ಹೊರಡುತ್ತದೆ. ಸಂಜೆ ಕಚೇರಿಯಿಂದ ಹೊರಡುವಾಗ ಮಾತ್ರ ಏಳುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದ್ದಾಯಿತು, ಅದೇ ಹಾಡು. ದಿನಾ ಸಂಜೆ ಜವಾನರು, ಗುಮಾಸ್ತರು, ನಕ್ಷೆ ವಿಭಾಗದವರು ಎಲ್ಲ ಸೇರಿ ತಳ್ಳಬೇಕು. ತಳ್ಳುವವರ ಉತ್ಸಾಹಕ್ಕೆ ಡಿಕ್ಕಿ ತಗ್ಗಾಗಿದೆ, ಬಂಪರ್ ಒಂದು ಕಡೆ ಜೋತುಬಿದ್ದಿದೆ. ಈಚೆಗೆ ಕೀಲಿ ತಿರುಗಿಸಿದರೆ ಕರಕರ ಎಂದು ಹಲ್ಲು ಕಡಿಯುವ ಸದ್ದು ಬೇರೆ.

"ಇದಕ್ಕೆಲ್ಲ ಕಾರಣ ಡ್ರೈವರ್ ಸಾರ್," ಎಂದರು ಹೆಡ್ ಗುಮಾಸ್ತರು. "ವಯಸ್ಸಾಯ್ತು, ಕೈ ಒರಟು. ಎಂಜಿನ್ ಹಾಳು ಮಾಡಿದಾನೆ. ಕಾರನ್ನ ಗುಜರಿಗೆ ಹಾಕಿ, ಇವನನ್ನ ಊರಾಚೆ ಪಂಪ್‌ಹೌಸಿನ ಕಾವಲಿಗೆ ಹಾಕೋಣ."

ಡ್ರೈವರಣ್ಣ ಸೊಂಟ ಬಗ್ಗಿಸಿ ಕಾರಿನ ಕನ್ನಡಿ ಒರೆಸುತ್ತಿದ್ದ. "ನನ್ನ ಕೈಲಿ ಇದಕ್ಕೆ ಒಂದು ಗೀರು ಬಿದ್ದಿಲ್ಲ ಸಾರ್," ಎಂದಷ್ಟೇ ಹೇಳಿದ.

"ನಂದೊಂದು ಮಾತು," ಎಂದ ಕಾವಲುಗಾರ. "ಮಧ್ಯಾಹ್ನ ಊಟದ ಹೊತ್ತಲ್ಲಿ ಈ ಕಾರು ನರಳುತ್ತೆ ಸಾರ್. ನಾನು ಗೇಟ್ ಬಿಟ್ಟು ಬರೋ ಹಾಗಿಲ್ಲ. ಆದ್ರೆ ಅಲ್ಲಿಗೇ ಕೇಳುತ್ತೆ. ಆ… ಊ… ಅಂತ. ಹೊಟ್ಟೆನೋವು ಬಂದೋರ ಹಾಗೆ."

ದೊಡ್ಡ ಸಾಹೇಬರು ಜೋರಾಗಿ ಕೆಮ್ಮಿದರು. "ಅದೆಲ್ಲ ಬೇಡ. ನಿಂತ ಕಾರು ಎಲ್ಲಾದ್ರೂ ನರಳುತ್ತಾ? ಟಪಾಲಪ್ಪ, ನೀವು ನೋಡಿ ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ."

ನೀವು ಹೇಳಿದ ಹಾಗೆ ಮಾಡ್ತೀನಿ. ಈ ಮಾತನ್ನು ಹೆಂಡತಿಯೂ ಅವನಿಗೆ ಹೇಳಿದ್ದಿಲ್ಲ. ಟಪಾಲಪ್ಪನ ಎದೆ ಉಬ್ಬಿತು. ಅವನು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದ. ಡಿಕ್ಕಿಯ ಮೇಲೆ ಕಿವಿ ಇಟ್ಟು ಕಣ್ಣು ಮುಚ್ಚಿದ. ಎಂಜಿನ್ ಇದ್ದದ್ದು ಇನ್ನೊಂದು ತುದಿಯಲ್ಲಿ. ಮೆಕ್ಯಾನಿಕ್ ಅದನ್ನು ನೋಡಿ ದಂಗಾದ. ಇಪ್ಪತ್ತು ವರ್ಷದ ಅನುಭವದಲ್ಲಿ ಹಿಂದಿನಿಂದ ಎಂಜಿನ್ ಕೇಳುವವರನ್ನು ಅವನು ಕಂಡಿರಲಿಲ್ಲ.

"ಇದು ಒಂದು ದಿನದಲ್ಲಿ ಹೇಳೋ ಕಾಯಿಲೆ ಅಲ್ಲ ಸಾರ್," ಎಂದ ಟಪಾಲಪ್ಪ. "ಸ್ವಲ್ಪ ಗಮನಿಸಬೇಕು."

"ಶನಿವಾರ ಹೇಳಿ," ಎಂದು ಸಾಹೇಬರು ಹೊರಟುಹೋದರು.

ಅಂದು ಸಂಜೆ ಡ್ರೈವರಣ್ಣ ಟಪಾಲಪ್ಪನ ಮನೆಗೆ ಬಂದ. ಕುರ್ಚಿ ಕೊಟ್ಟರೂ ಅರ್ಧಕ್ಕಷ್ಟೇ ಕೂತ. "ಶಿಫಾರಸು ಕೇಳೋಕೆ ಬಂದಿಲ್ಲ ಟಪಾಲಪ್ಪನೋರೇ. ಕಾರಿನ ವಿಷಯ ನಿಮಗೆ ಸರಿಯಾಗಿ ಗೊತ್ತಿರಲಿ ಅಂತ ಬಂದೆ. ನನ್ನ ಹೆಂಡತಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕ್ತಾಳೆ. ದಿನಾ ಮಧ್ಯಾಹ್ನ ನಾನು ಮನೆಗೆ ಓಡಿಹೋಗಿ ಅವಳಿಗೆ ಊಟ ಕೊಟ್ಟು, ಸ್ವಲ್ಪ ನಡೆಸಿ ಬರ್ತೀನಿ. ಆ ಹೊತ್ತಲ್ಲಿ ಕಾರಿಗೆ ಏನಾಗುತ್ತೋ ನನಗೆ ಗೊತ್ತಿಲ್ಲ. ಪಂಪ್‌ಹೌಸಿಗೆ ಹಾಕಿದ್ರೆ ಮಧ್ಯಾಹ್ನ ಬರೋಕಾಗಲ್ಲ, ಅಷ್ಟೇ ನನ್ನ ಚಿಂತೆ."

ಟಪಾಲಪ್ಪ ತನ್ನ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡ. "ಡ್ರೈವರಣ್ಣ, ನಿಜ ಹೇಳ್ತೀನಿ. ನನಗೆ ಕಾರಿನ ಬಗ್ಗೆ ಏನೇನೂ ಗೊತ್ತಿಲ್ಲ."

ಡ್ರೈವರಣ್ಣ ಟಪಾಲಪ್ಪನ ಹೆಂಡತಿಯ ಕಡೆ ತಿರುಗಿ ಮೆಚ್ಚುಗೆಯಿಂದ ತಲೆದೂಗಿದ. "ನೋಡಿ ಅಮ್ಮ, ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಇದೇ."

"ಕೊಡದಲ್ಲಿ ನೀರೇ ಇಲ್ಲ ಅಣ್ಣ," ಎಂದಳು ಹೆಂಡತಿ. ಅದನ್ನೂ ಅವನು ಮನೆಯವರ ತಮಾಷೆಯೆಂದುಕೊಂಡು ನಕ್ಕು, ಟೀ ಕುಡಿದು, ಹಗುರ ಮನಸ್ಸಿನಿಂದ ಎದ್ದುಹೋದ. ಅವನು ಇಳಿಸಿಹೋದ ಭಾರವೆಲ್ಲ ಟಪಾಲಪ್ಪನ ತಲೆಯ ಮೇಲೆ ಕೂತಿತು.

"ಹೋಗಿ ಆ ಮೆಕ್ಯಾನಿಕ್ ಹತ್ರ ಕೇಳಿ ಕಲೀರಿ," ಎಂದಳು ಹೆಂಡತಿ. "ನಾಚಿಕೆ ಆಮೇಲೆ ಪಡಬಹುದು."

ಮರುದಿನ ಟಪಾಲಪ್ಪ ಗ್ಯಾರೇಜಿಗೆ ಹೋದ. ಒಬ್ಬ ಪಂಡಿತ ಇನ್ನೊಬ್ಬನ ಹತ್ತಿರ ಅ ಆ ಇ ಈ ಕೇಳುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ಗಂಭೀರವಾಗಿ, "ಹೇಳಪ್ಪ ನೋಡೋಣ, ಕಾರು ಯಾಕೆ ಸ್ಟಾರ್ಟ್ ಆಗಲ್ಲ?" ಎಂದ.

ಮೆಕ್ಯಾನಿಕ್ ತನ್ನನ್ನು ಪರೀಕ್ಷೆ ಮಾಡಲು ಬಂದಿದ್ದಾರೆಂದು ತಿಳಿದು ಸ್ಪ್ಯಾನರ್ ಕೆಳಗಿಟ್ಟು ನೆಟ್ಟಗೆ ನಿಂತ. ಬಾಯಿಪಾಠ ಒಪ್ಪಿಸುವ ಹಾಗೆ ಶುರುಮಾಡಿದ: "ಕೀಲಿ ತಿರುಗಿಸಿದಾಗ ಕಟಕಟಕಟ ಅಂದ್ರೆ ಬ್ಯಾಟರಿ ಸೋತಿದೆ ಸಾರ್. ಒಂದೇ ಸಲ ಠಕ್ ಅಂದು ಸುಮ್ಮನಾದ್ರೆ ಸ್ಟಾರ್ಟರ್ ಹಿಡಿದಿದೆ. ಏನೂ ಸದ್ದಿಲ್ಲ ಅಂದ್ರೆ ತಂತಿ ಎಲ್ಲೋ ಬಿಟ್ಟಿದೆ. ಎಂಜಿನ್ ಚೆನ್ನಾಗಿ ಸುತ್ತುತ್ತೆ, ಆದ್ರೆ ಹತ್ಕೊಳ್ಳಲ್ಲ ಅಂದ್ರೆ ಪೆಟ್ರೋಲ್ ಬರ್ತಿಲ್ಲ, ಇಲ್ಲಾ ಕಿಡಿ ಬರ್ತಿಲ್ಲ. ಸರೀನಾ ಸಾರ್?"

"ಪರವಾಗಿಲ್ಲ," ಎಂದ ಟಪಾಲಪ್ಪ, ಒಂದೊಂದನ್ನೂ ಮನಸ್ಸಿನಲ್ಲೇ ಗೋಂದು ಹಚ್ಚಿ ಅಂಟಿಸಿಕೊಳ್ಳುತ್ತ. "ನಮ್ಮ ಕಚೇರಿ ಕಾರು?"

ಮೆಕ್ಯಾನಿಕ್ ಸುತ್ತ ನೋಡಿ ದನಿ ತಗ್ಗಿಸಿದ. "ಅದು ಕಟಕಟ ಕೇಸ್. ಕರಕರ ಅನ್ನೋದು ದಿನಾ ಸುಮ್ಮನೆ ತಿರುವಿ ತಿರುವಿ ಸ್ಟಾರ್ಟರಿನ ಹಲ್ಲು ಸವೆದದ್ದು. ಅಸಲು ಮಾತು ಏನಂದ್ರೆ, ಹಗಲು ಹೊತ್ತಲ್ಲಿ ಯಾರೋ ಬ್ಯಾಟರಿ ತಿಂತಿದಾರೆ. ಒಳಗೆ ಕೂತು ಫ್ಯಾನೋ ದೀಪವೋ ಹಾಕ್ಕೊಂಡು. ಕಾರು ಓಡ್ತಿದ್ರೆ ಬ್ಯಾಟರಿ ತುಂಬುತ್ತೆ. ನಿಂತಾಗ ಉರಿಸಿದ್ರೆ ಖಾಲಿಯಾಗುತ್ತೆ. ಇದರದ್ದು ಚಾರ್ಜ್ ಮಾಡೋ ಬೆಲ್ಟೂ ಸಡಿಲ, ಖಾಲಿಯಾದದ್ದು ಪೂರ್ತಿ ತುಂಬಲ್ಲ, ಬೆಳಗ್ಗೆ ಒಂದು ಸಲ ಏಳೋವಷ್ಟೇ. ಆದ್ರೆ ಸಾಹೇಬರ ಮುಂದೆ ಯಾರ ಹೆಸರು ಹೇಳಲಿ ಸಾರ್? ಹೇಳಿದ್ರೆ ಡ್ರೈವರಣ್ಣನ ಹೆಸರೇ ಹೇಳಬೇಕಾಗುತ್ತೆ. ಅವನು ಒಳ್ಳೆಯವನು."

ಟಪಾಲಪ್ಪ ಹೊರಡುವಾಗ ಮೆಕ್ಯಾನಿಕ್ ಕೈ ಒರೆಸಿಕೊಂಡು ಕೇಳಿದ, "ಪಾಸಾದೆನಾ ಸಾರ್?"

"ಫಸ್ಟ್ ಕ್ಲಾಸ್," ಎಂದ ಟಪಾಲಪ್ಪ. ಆ ವಾರ ಅವನು ಆಡಿದ ಮಾತುಗಳಲ್ಲಿ ಪೂರ್ತಿ ಮನಸ್ಸಿನಿಂದ ಆಡಿದ್ದು ಅದೊಂದೇ.

ಶುಕ್ರವಾರ ಊಟದ ಗಂಟೆ ಹೊಡೆಯುತ್ತಿದ್ದಂತೆ ಟಪಾಲಪ್ಪ ಶೆಡ್ಡಿಗೆ ನುಸುಳಿ ಪೈಪುಗಳ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತ. ಬರುವವನು ಡ್ರೈವರಣ್ಣ ಆಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಆಮೇಲೆ, ಬೇರೆ ಯಾರೂ ಆಗದಿದ್ದರೆ ಏನು ಹೇಳುವುದೆಂದು ಚಿಂತೆ ಹತ್ತಿ, ಯಾರಾದರೂ ಬರಲಿ ಎಂದೂ ಬೇಡಿಕೊಂಡ.

ಕಚೇರಿಯ ಹಿಂಬಾಗಿಲು ಕಿರ್ ಎಂದಿತು. ಬಂದವರು ದೊಡ್ಡ ಸಾಹೇಬರು.

ಮೇಲೆ ಅವರ ಕೋಣೆಯ ಹೊರಗೆ ಕೆಂಪು ದೀಪ ಉರಿಯುತ್ತಿತ್ತು. ಅಂದರೆ ಸಾಹೇಬರು ಕೆಲಸದಲ್ಲಿದ್ದಾರೆ, ಯಾರೂ ಒಳಗೆ ಬರಬಾರದು. ಆ ಕೆಂಪು ದೀಪಕ್ಕೆ ಕೈಮುಗಿದು ಇಡೀ ಕಚೇರಿ ತುದಿಗಾಲಲ್ಲಿ ಓಡಾಡುತ್ತಿದ್ದರೆ, ಸಾಹೇಬರು ಇಲ್ಲಿ ಕಳ್ಳ ಬೆಕ್ಕಿನಂತೆ ಆಚೀಚೆ ನೋಡಿ, ಜೇಬಿನಿಂದ ಇನ್ನೊಂದು ಕೀಲಿ ತೆಗೆದು, ಕಾರಿನ ಹಿಂದಿನ ಸೀಟಿನಲ್ಲಲ್ಲ, ಡ್ರೈವರನ ಸೀಟಿನಲ್ಲಿ ಕೂತರು. ಗಾಜು ಏರಿಸಿದರು. ಸೆಕೆಗೆ ಫ್ಯಾನ್ ಹಾಕಿಕೊಂಡರು. ಶೆಡ್ಡು ಕತ್ತಲೆಂದು ಒಳಗಿನ ದೀಪ ಹೊತ್ತಿಸಿದರು. ಆಮೇಲೆ ಕಾರಿನ ಟೇಪ್‌ರೆಕಾರ್ಡರಿಗೆ ಒಂದು ಕ್ಯಾಸೆಟ್ ತುರುಕಿದರು.

ಒಂದು ಹೆಂಗಸಿನ ಇಂಪಾದ ದನಿ ಬಂತು: "ಮಲಗು ಮಲಗು ಪುಟ್ಟ ಮಿಂಚೇ, ಮುಗಿಲಿಗೂ ನಿದ್ದೆ ಬಂದಿದೆ…"

ಅದರ ಬೆನ್ನಿಗೇ ಸಾಹೇಬರು ಶುರುಮಾಡಿದರು.

ಕಾವಲುಗಾರ ಸುಳ್ಳು ಹೇಳಿರಲಿಲ್ಲ. ಹೊಟ್ಟೆನೋವು ಎಂದದ್ದು ಮಾತ್ರ ಕಡಿಮೆಯಾಯಿತು. ಪಾಳು ಬಾವಿಗೆ ಉರುಳಿದ ಬಂಡೆ ಮತ್ತೆ ತಾನಾಗಿ ಮೇಲೆ ಹತ್ತಲು ನೋಡಿದರೆ ಎಂಥ ಸದ್ದು ಬರಬಹುದೋ ಅಂಥದು. ಆ ಜೋಗುಳ ಕೇಳಿ ಪೈಪಿನೊಳಗೆ ಮಲಗಿದ್ದ ಬೆಕ್ಕೊಂದು ಎದ್ದು ಹೊರಗೆ ಓಡಿತು. ಟಪಾಲಪ್ಪ ಬಾಯಿಗೆ ಕರವಸ್ತ್ರ ತುರುಕಿಕೊಂಡ.

ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಸಾಹೇಬರು ತಪ್ಪಿದಾಗಲೆಲ್ಲ ಟೇಪನ್ನು ಹಿಂದಕ್ಕೆ ತಿರುಗಿಸಿ ಅದೇ ಸಾಲನ್ನು ಮತ್ತೆ ಹಿಡಿಯುತ್ತಿದ್ದರು. ಹಣೆಯ ಬೆವರು ಒರೆಸಿಕೊಂಡು, ಕಣ್ಣು ಮುಚ್ಚಿ, ಮಡಿಲಲ್ಲಿ ಮಗುವಿರುವಂತೆ ತೋಳು ಮಡಿಸಿ ತೂಗುತ್ತಿದ್ದರು. ಇಡೀ ಊರಿನ ನೀರು ನಿಲ್ಲಿಸಬಲ್ಲ ಮನುಷ್ಯ ಒಂದು ಸಾಲಿಗೆ ಅಷ್ಟು ಒದ್ದಾಡುವುದನ್ನು ನೋಡಿ ಟಪಾಲಪ್ಪನಿಗೆ ಯಾಕೋ ಕರವಸ್ತ್ರ ಕಣ್ಣಿಗೂ ಬೇಕಾಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದಳು.

"ಸಾಹೇಬರ ಹೆಸರು ಹೇಳಿದ್ರೆ ಅವರ ಮಾನ ಹೋಗುತ್ತೆ," ಎಂದ ಟಪಾಲಪ್ಪ. "ಹೇಳದಿದ್ರೆ ಡ್ರೈವರಣ್ಣ ಪಂಪ್‌ಹೌಸಿಗೆ. ಬಿಸಿತುಪ್ಪ ಆಯ್ತಲ್ಲೇ, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ."

"ಸಾಹೇಬರಿಗೆ ಮಾನ ಹೋದ್ರೆ ನಾಳೆ ಇನ್ನೊಂದು ಬರುತ್ತೆ," ಎಂದಳು ಅವಳು. "ಆ ಅಮ್ಮನಿಗೆ ಮಧ್ಯಾಹ್ನದ ಊಟ ಯಾರು ಕೊಡ್ತಾರೆ?"

ಶನಿವಾರ ಸಂಜೆ ಶೆಡ್ಡು ಮದುವೆಮನೆಯಂತೆ ತುಂಬಿತ್ತು. ಟಪಾಲಪ್ಪನ ತೀರ್ಪು ಕೇಳಲು ನಕ್ಷೆ ವಿಭಾಗದವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡೇ ಬಂದಿದ್ದರು. ಹೆಡ್ ಗುಮಾಸ್ತರು ಎಲ್ಲರಿಗಿಂತ ಮುಂದೆ. ಡ್ರೈವರಣ್ಣ ಜನರ ಕಡೆ ನೋಡದೆ ಕಾರಿನ ಕಡೆಯೇ ನೋಡುತ್ತಿದ್ದ, ಆಸ್ಪತ್ರೆಯಲ್ಲಿ ನೆಂಟನ ಪಕ್ಕ ನಿಂತವನ ಹಾಗೆ.

ಟಪಾಲಪ್ಪ ರಾತ್ರಿಯೆಲ್ಲ ಒಂದು ಜಾಣ ಮಾತು ಸಿದ್ಧಮಾಡಿಕೊಂಡಿದ್ದ. ಕಾರಿಗೆ ವಯಸ್ಸಾಯಿತು, ಬೆಲ್ಟು ಸಡಿಲ, ಯಾರದೂ ತಪ್ಪಿಲ್ಲ ಎಂದು ಹೇಳಿ ಮುಗಿಸುವುದು. ಬಾಯಿ ತೆರೆದ. ಸಾಹೇಬರ ಮುಖ ನೋಡಿದ. ಜಾಣ ಮಾತು ಎಲ್ಲಿ ಹೋಯಿತೋ, ಒಳಗಿದ್ದದ್ದು ಹೊರಗೆ ಬಂದುಬಿಟ್ಟಿತು.

"ಸಾರ್, ಮಧ್ಯಾಹ್ನದ ಹೊತ್ತು ಯಾರೋ ಈ ಕಾರಿಗೆ ಜೋಗುಳ ಹಾಡ್ತಿದಾರೆ. ಅದಕ್ಕೇ ಇದು ಸಂಜೆ ಏಳ್ತಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಸಾಹೇಬರ ಕೈ ಕ್ಯಾಸೆಟ್ ಇದ್ದ ಜೇಬಿಗೆ ಹೋಯಿತು. ಅದನ್ನು ನೋಡಿದವನು ಟಪಾಲಪ್ಪನೊಬ್ಬನೇ.

"ಟೇಪ್ ಹಾಕಿ, ಫ್ಯಾನ್ ಹಾಕಿ, ದೀಪ ಹಾಕಿ ಹಾಡ್ತಾರೆ ಸಾರ್," ಎಂದ ಅವನು, ಈಗ ಬೆವರುತ್ತ. "ಎಂಜಿನ್ ನಿಂತಿರುವಾಗ ಅವೆಲ್ಲ ಬ್ಯಾಟರಿ ತಿಂತವೆ."

"ಅದಾ!" ಎಂದ ಮೆಕ್ಯಾನಿಕ್, ತನಗೆ ಮೊದಲೇ ಗೊತ್ತಿದ್ದದ್ದನ್ನು ಆಗಷ್ಟೇ ಕೇಳಿದವನಂತೆ.

"ಹಾಗಾದ್ರೆ ನಾನು ಕೇಳಿದ್ದು ಹಾಡಾ?" ಎಂದ ಕಾವಲುಗಾರ. ಅವನಿಗೆ ನಂಬಿಕೆ ಬರಲಿಲ್ಲ. "ಇಲ್ಲ ಸಾರ್, ಅದು ನರಳೋದೇ. ಹಾಡು ನನಗೆ ಗೊತ್ತಾಗಲ್ವಾ?"

"ನಾನೂ ಕಿಟಕಿಯಿಂದ ಕೇಳಿದೀನಿ," ಎಂದರು ಹೆಡ್ ಗುಮಾಸ್ತರು. "ಎಮ್ಮೆ ಬಾಗಿಲಲ್ಲಿ ಸಿಕ್ಕಿಕೊಂಡ ಹಾಗಿತ್ತು. ಮಗು ಏನಾದ್ರೂ ಇದ್ದಿದ್ರೆ ಹೆದರಿ ಎರಡು ದಿನ ಜ್ವರ ಬರ್ತಿತ್ತು."

ಸಾಹೇಬರ ಕಿವಿ ಕೆಂಪಾಯಿತು.

"ನಾನು ಕೊಳಾಯಿಯಲ್ಲಿ ಗಾಳಿ ಬರೋ ಸದ್ದು ಅಂದ್ಕೊಂಡಿದ್ದೆ," ಎಂದ ನಕ್ಷೆ ವಿಭಾಗದವನೊಬ್ಬ.

"ಒಟ್ಟಿನಲ್ಲಿ ಸಿಕ್ಕಿಬಿದ್ದ," ಎಂದು ಹೆಡ್ ಗುಮಾಸ್ತರು ಡ್ರೈವರಣ್ಣನ ಕಡೆ ಬೆರಳು ತೋರಿಸಿದರು. "ಕಾರಿನ ಕೀಲಿ ಇರೋದು ಇವನ ಹತ್ರ. ಆ ದರಿದ್ರ ಹಾಡು ಇವನದೇ."

ಡ್ರೈವರಣ್ಣ ಮೊದಲ ಸಲ ತಲೆಯೆತ್ತಿದ. ಕಾರು ಹಾಳುಮಾಡಿದೆ ಎಂದಾಗ ಬಾರದ ಸಿಟ್ಟು ಈಗ ಅವನ ಮುಖದಲ್ಲಿತ್ತು. "ಸಾರ್, ಏನು ಬೇಕಾದ್ರೂ ಹೇಳಿ. ನಾನು ಅಷ್ಟು ಕೆಟ್ಟದಾಗಿ ಹಾಡೋನಲ್ಲ."

"ಅಷ್ಟೇನೂ ಕೆಟ್ಟದಾಗಿಲ್ಲ," ಎಂದರು ದೊಡ್ಡ ಸಾಹೇಬರು.

ಎಲ್ಲರೂ ಅವರ ಕಡೆ ತಿರುಗಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಆಮೇಲೆ ಜೇಬಿನಿಂದ ಕ್ಯಾಸೆಟ್ ತೆಗೆದು ಕಾರಿನ ಬಾನೆಟ್ ಮೇಲೆ ಇಟ್ಟರು.

"ಹಾಡಿದ್ದು ನಾನು," ಎಂದರು. ಬಾವಿಯ ಬಂಡೆ ಆ ಹೊತ್ತಿಗೆ ಬೆಣಚುಕಲ್ಲಾಗಿತ್ತು. "ಮಗಳು ಸಣ್ಣವಳಿದ್ದಾಗ ನನ್ನ ಹೆಂಡತಿ ಹಾಡಿದ ಜೋಗುಳ ಇದರಲ್ಲಿದೆ. ಈಗ ಮೊಮ್ಮಗಳು ಬರ್ತಾಳೆ. ಹೋದ ಸಲ ಬಂದಾಗ, ತಾತ ನೀನು ಹಾಡಿ ಮಲಗಿಸು ಅಂತ ಹಟ ಹಿಡಿದಳು. ನಾನು ಬಾಯಿ ತೆಗೆದೆ, ಮಗು ಅತ್ತುಬಿಡ್ತು. ಮನೇಲಿ ಅಭ್ಯಾಸ ಮಾಡಿದ್ರೆ ಹೆಂಡತಿ ನಗ್ತಾಳೆ. ಕ್ಯಾಸೆಟ್ ಹಾಕೋಕೆ ಈ ಕಾರು ಬಿಟ್ರೆ ಬೇರೆ ಎಲ್ಲೂ ಇಲ್ಲ. ಎಂಜಿನ್ ನಿಂತೇ ಇದೆಯಲ್ಲ, ಖರ್ಚೇನಾಗುತ್ತೆ ಅಂದ್ಕೊಂಡಿದ್ದೆ." ಅವರು ಡ್ರೈವರಣ್ಣನ ಮುಂದೆ ಹೋಗಿ ನಿಂತರು. "ತಪ್ಪು ನಂದು. ನಿಮ್ಮನ್ನ ಅನುಮಾನಿಸೋಕೆ ಬಿಟ್ಟೆ. ಪಂಪ್‌ಹೌಸಿನ ಮಾತು ಇಲ್ಲಿಗೆ ಮುಗೀತು."

ಡ್ರೈವರಣ್ಣ, "ಮಗೂಗೆ ಎಷ್ಟು ವಯಸ್ಸು ಸಾರ್?" ಎಂದು ಕೇಳಿದ.

ಆಗ ಹೆಡ್ ಗುಮಾಸ್ತರ ಸ್ಥಿತಿ ಯಾರಿಗೂ ಬೇಡ. ಎಮ್ಮೆಯನ್ನು ಬಾಗಿಲಿನಿಂದ ಹೊರಗೆಳೆಯಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. "ಒಂದು ಥರಾ ಗಾಂಭೀರ್ಯ ಇತ್ತು ಸಾರ್, ಕಿಟಕಿ ಮುಚ್ಚಿತ್ತು ನೋಡಿ, ಸರಿಯಾಗಿ ಕೇಳಿಸಲಿಲ್ಲ," ಎಂದರು. ಯಾರೂ ಕಿವಿಗೊಡಲಿಲ್ಲ. ಮೆಕ್ಯಾನಿಕ್ ಆಗಲೇ ತನ್ನ ವ್ಯಾನು ತಂದು ಪಕ್ಕಕ್ಕೆ ನಿಲ್ಲಿಸಿ, ಅದರ ಬ್ಯಾಟರಿಯಿಂದ ಕಾರಿನ ಬ್ಯಾಟರಿಗೆ ದಪ್ಪ ತಂತಿ ಎಳೆದಿದ್ದ. ಬೆಲ್ಟು ಬಿಗಿ ಮಾಡಿದ. ಸವೆದ ಸ್ಟಾರ್ಟರ್ ಸೋಮವಾರ ಬಿಚ್ಚಿ ಸರಿಮಾಡುವುದಾಗಿ ಹೇಳಿದ. ಡ್ರೈವರಣ್ಣ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದ. ಕರ್ ಎಂದಿತು, ಕೆಮ್ಮಿತು, ಒಮ್ಮೆ ಮೈ ಕೊಡವಿಕೊಂಡು ಎದ್ದೇಬಿಟ್ಟಿತು. ದಿನಾ ತಳ್ಳಿ ತಳ್ಳಿ ಸೋತಿದ್ದ ನಕ್ಷೆ ವಿಭಾಗದವರು ತಮ್ಮ ಮನೆಯ ಮಗು ಪರೀಕ್ಷೆ ಪಾಸಾದಂತೆ ಚಪ್ಪಾಳೆ ಹೊಡೆದರು.

ಆ ಗದ್ದಲದಲ್ಲಿ ಟಪಾಲಪ್ಪ ಸಾಹೇಬರ ಹತ್ತಿರ ಹೋಗಿ, "ಸಾರ್, ನಂದೂ ಒಂದು ತಪ್ಪಿದೆ. ನನಗೆ ಕಾರಿನ ವಿಷಯ ಏನೂ ಗೊತ್ತಿಲ್ಲ. ಪೈಪಿನ ಹಿಂದೆ ಅಡಗಿ ನೋಡಿದೆ ಅಷ್ಟೇ," ಎಂದ.

"ಗೊತ್ತಿರೋರು ಯಾರೂ ಅಡಗಿ ನೋಡಲಿಲ್ಲ," ಎಂದರು ಸಾಹೇಬರು. "ಬನ್ನಿ, ಮನೆ ಹತ್ರ ಬಿಡ್ತೀವಿ."

ಹೀಗೆ ಟಪಾಲಪ್ಪ ಜೀವನದಲ್ಲಿ ಮೊದಲ ಸಲ ಕಚೇರಿಯ ಕಾರಿನಲ್ಲಿ ಕೂತ. ಡ್ರೈವರಣ್ಣ ಹೂವಿನ ಮೇಲೆ ನಡೆಸುವ ಹಾಗೆ ಕಾರು ನಡೆಸುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಸಾಹೇಬರು ಹಿಂದಿನ ಸೀಟಿನಿಂದ ಕೈ ಚಾಚಿ ಕ್ಯಾಸೆಟ್ ಕೊಟ್ಟರು. "ಎಂಜಿನ್ ಓಡ್ತಿದೆಯಲ್ಲ, ಈಗ ಹಾಕಬಹುದಾ?"

"ಧಾರಾಳವಾಗಿ ಸಾರ್," ಎಂದು ಡ್ರೈವರಣ್ಣ ಅದನ್ನು ಟೇಪಿಗೆ ಹಾಕಿದ.

ಹೆಂಗಸಿನ ದನಿ ಬಂತು, ಸಾಹೇಬರ ದನಿ ಹಿಂಬಾಲಿಸಿತು. ಬೀದಿಬದಿಯಲ್ಲಿ ಹೋಗುತ್ತಿದ್ದ ಒಬ್ಬರು ಗಾಬರಿಯಿಂದ ತಿರುಗಿ ನೋಡಿದರು. ಒಂದು ಸಾಲು ಮುಗಿಸಿ ಸಾಹೇಬರು ನಿಲ್ಲಿಸಿದರು.

"ನಾಳೆ ಬರ್ತಾಳೆ ಮಗು. ನಿಮ್ಮ ಕಿವಿ ಸೂಕ್ಷ್ಮ, ಮುಲಾಜಿಲ್ಲದೆ ಹೇಳಿ. ಏನು ತೊಂದರೆ ನನ್ನ ಹಾಡಿಗೆ?"

ಟಪಾಲಪ್ಪ ಅಭ್ಯಾಸಬಲದಿಂದ ಕತ್ತು ವಾಲಿಸಿದ. ಆದರೆ "ಹೂಂ" ಎನ್ನಲಿಲ್ಲ. ನಿಜವಾಗಿ ಕೇಳಿಸಿಕೊಂಡದ್ದನ್ನು ನೆನೆದುಕೊಂಡ. ಪೈಪಿನ ಹಿಂದೆ ಕೂತು ಅದೇ ಸಾಲನ್ನು ಅವನು ಅಷ್ಟು ಸಲ ಕೇಳಿದ್ದ, ಜಗತ್ತಿನಲ್ಲಿ ಆ ಒಂದು ವಿಷಯ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಸ್ಟಾರ್ಟಿಂಗ್ ತೊಂದರೆ ಸಾರ್," ಎಂದ. "ಮೊದಲ ಮಾತಿಗೇ ತುಂಬ ಜೋರಾಗಿ ಎಳೀತೀರಿ, ಅದು ಹತ್ಕೊಳ್ಳಲ್ಲ. ಮೆಲ್ಲಗೆ ಶುರುಮಾಡಿ. ಒಂದು ಸಲ ಹಿಡಿದುಬಿಟ್ರೆ ಆಮೇಲೆ ಚೆನ್ನಾಗೇ ಓಡುತ್ತೆ."

ಮುಂದೆ ನಾಲ್ಕು ರಸ್ತೆ ಸೇರುವಲ್ಲಿ ಕೆಂಪು ದೀಪ ಬಿತ್ತು, ಕಾರು ನಿಂತಿತು. ಸಾಹೇಬರು ಗಂಟಲು ಸರಿಮಾಡಿಕೊಂಡು, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಬಾರದೆಂಬಷ್ಟು ಮೆಲ್ಲಗೆ ಹಿಡಿದರು. ಮೊದಲ ಸಲ ಕೈಕೊಟ್ಟಿತು. ಮತ್ತೆ ಶುರುಮಾಡಿದರು. ಮಲಗು ಮಲಗು ಪುಟ್ಟ ಮಿಂಚೇ. ಈ ಸಲ ದನಿ ಎಲ್ಲೂ ತಡೆಯದೆ ಎರಡನೇ ಸಾಲಿಗೆ ಹೋಯಿತು, ಅಲ್ಲಿಂದ ಮೂರನೆಯದಕ್ಕೆ. ಡ್ರೈವರಣ್ಣ ಸ್ಟಿಯರಿಂಗ್ ಮೇಲೆ ಬೆರಳಿನಲ್ಲಿ ತಾಳ ಹಾಕತೊಡಗಿದ. ಹಸಿರು ದೀಪ ಬಂತು, ಹಿಂದಿನ ವಾಹನಗಳು ಹಾರ್ನ್ ಬಾರಿಸಿದವು. ಸಾಹೇಬರು ಕಣ್ಣು ತೆರೆದು ನಿಲ್ಲಿಸಲು ಹೋದರು.

"ಇರಲಿ ಸಾರ್," ಎಂದ ಡ್ರೈವರಣ್ಣ. "ಎಂಜಿನ್ ಓಡ್ತಾನೇ ಇದೆ. ನೀವು ಪೂರ್ತಿ ಮಾಡಿ."